ಕಂಬ ತಟ್ಟಬ್ಯಾಡ್ರಿ... ಕಲ್ಲನ್ನು ಹಾಡಿಸ್ರಿ!

ಹೀರೋ ಒಂದು ಏಟು ಬಿಟ್ಟರೆ 'ಢಿಶುಂ'! ಹೊಸಪೇಟೆಯ ಟಾಕೀಸಿನ ತುಂಬ ಶಿಳ್ಳೆ. ಆದರೆ ಆ 'ಢಿಶುಂ' ಹುಟ್ಟಿಸಿದವನನ್ನು ಕೇಳೋರು ಯಾರು? ಚಿತ್ರರಸಿಕರೇ, ಆ ವಿದ್ಯೆಯ ಬಾಗಿಲು ಈಗ ನಮಗೂ ತೆರೆದಿದೆ. ಸ್ಟುಡಿಯೋ ಬೇಡ, ಹಳೇ ಕಂಪ್ಯೂಟರ್ ಒಂದು ಸಾಕು!

ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನೇ ತಗೊಳ್ಳಿ. ಹಾಳಾದಾವೆಂದು ಈಗ ಅವನ್ನು ತಟ್ಟಲು ನಿಷೇಧ. ಕಲ್ಪಾಕ್ಕಂನ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ನಾದವನ್ನು ಧ್ವನಿಮುದ್ರಿಸಿ, ಬಿಡಿಬಿಡಿಯಾಗಿ ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದರು. ಕಂಬ ಟೊಳ್ಳಲ್ಲ, ಗಟ್ಟಿ ಕಲ್ಲು! ಅದು ಬಾಗಿ ಕಂಪಿಸುವುದೇ ನಾದದ ಗುಟ್ಟು.

ಮುಟ್ಟದೇ ಆ ನಾದ ಕೇಳೋದು ಹೆಂಗೆ? ಅಂಕಿಗಳಿಂದ!

ನಾನು ಪೈಥಾನ್ ಎಂಬ ಉಚಿತ ಭಾಷೆಯಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದೆ. ಚಿತ್ರಕಥೆ ಅಲ್ಲ ಸ್ವಾಮಿ, ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ! ಸಿ.ಡಿ. ಗುಣಮಟ್ಟದ ಶಬ್ದವೆಂದರೆ ಸೆಕೆಂಡಿಗೆ 44,100 ಅಂಕಿ, ಸಿನಿಮಾಕ್ಕೆ 48,000. ಅಂಕಿಗಳು ಅಲೆಯಂತೆ ಒಂದೇ ಸಮ ಏರಿಳಿದರೆ ಬರೀ 'ಕೂ...' ಎನ್ನುವ ಸೀಟಿ, ಜೀವ ಇರೋದಿಲ್ಲ. ಏಟು ಬಿದ್ದಾಗ ಜೋರು, ಆಮೇಲೆ ಮೆಲ್ಲಗೆ ಆರಲಿ. ಸೀಟಿ ಹೋಗಿ ಗಂಟೆಯಾಗುತ್ತದೆ. ಜೊತೆಗೆ ಮೂಲ ಅಲೆಯ 2.76 ಪಟ್ಟು, 5.4 ಪಟ್ಟು ವೇಗದ ಎರಡು ಅಲೆ ಬೆರೆಸಿದೆ. ಎರಡೂ ತುದಿ ಬಿಗಿದ ಸಲಾಕೆ ಬಾಗಿ ಕಂಪಿಸುವ ಲೆಕ್ಕ ಅದು. ಆಹಾ! ಹಂಪಿಯ ಕಂಬವೇ ಅಲ್ಲದಿದ್ದರೂ ಅದರ ಹತ್ತಿರದ ನೆಂಟ!

ಇನ್ನು ಪ್ರತಿಧ್ವನಿ. ಅದೇ ಶಬ್ದವನ್ನು 13,230 ಅಂಕಿ ತಡವಾಗಿ, ಅರ್ಧ ಜೋರಿನಲ್ಲಿ ಕೂಡಿಸಿ. ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಕಳೆದು ಮರುದನಿ ಬರುತ್ತದೆ, ಸಂಡೂರಿನ ಗುಡ್ಡಗಳ ನಡುವೆ ಕೂಗಿದಂತೆ! ಅಲ್ಲಿನ ಅದಿರು ಲಾರಿಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಅರ್ಧ ವೇಗದಲ್ಲಿ ಓಡಿಸಿ, ರಾಕ್ಷಸನ ಘರ್ಜನೆ! ಕಂಪ್ಲಿಯ ಹೊಳೆಯ ಸದ್ದಿನಲ್ಲಿ ತೆಳು ದನಿ ಸೋಸಿ ತೆಗೆಯಿರಿ, ಪ್ರಳಯದ ಮೊರೆತ!

ಇದೇನು ಹೊಸ ಹುಚ್ಚಲ್ಲ. 1957ರಲ್ಲೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸಂಗೀತ ನುಡಿಸಿದರು. 1961ರಲ್ಲಿ ಅಲ್ಲಿನ ಯಂತ್ರ 'ಡೈಸಿ ಬೆಲ್' ಹಾಡಿತು. ಅದನ್ನು ಕೇಳಿ ಬೆರಗಾದವರು ಲೇಖಕ ಆರ್ಥರ್ ಕ್ಲಾರ್ಕ್. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಸಾಯುವ ಕಂಪ್ಯೂಟರ್ ಹಾಡುವುದು ಅದೇ ಹಾಡು!

ಗೆಳೆಯರೇ, ಪರದೆಯ ಮೇಲೆ ಮುಖ ತೋರಿಸೋ ಅದೃಷ್ಟ ಎಲ್ಲರಿಗೂ ಇಲ್ಲ. ಆದರೆ ಕಿವಿ ಎಲ್ಲರಿಗೂ ಇದೆ. ಮುಂದಿನ ಸಲ ಚಿತ್ರ ಶುರುವಾದಾಗ 'ಶಬ್ದಗ್ರಹಣ' ಎಂಬ ಹೆಸರಿಗೂ ಒಂದು ಶಿಳ್ಳೆ ಹೊಡೀರಿ. ನಾಳೆ ಅಲ್ಲಿ ಬರೋದು ನಿಮ್ಮ ಹೆಸರೇ ಯಾಕಾಗಬಾರದು?