ಸಣ್ಣ ತಳಿಯ ನಾಯಿಗಳಲ್ಲಿ ಆನುವಂಶಿಕ ತಲೆಬುರುಡೆ ಹಾಗೂ ಬೆನ್ನುಹುರಿ ದೋಷ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಗಮನಕ್ಕೆ. ಬ್ರಿಟಿಷ್ ಮೂಲದ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಪುಟ್ಟ ತಳಿಯ ನಾಯಿಗಳಲ್ಲಿ ತಲೆಬುರುಡೆಯ ಹಿಂಭಾಗವು ಮಿದುಳಿಗೆ ಸಾಲದಷ್ಟು ಕಿರಿದಾಗಿರುತ್ತದೆ. ಇದರಿಂದ ಮಿದುಳು ಬುರುಡೆಯ ತಳದ ರಂಧ್ರದತ್ತ ಒತ್ತಲ್ಪಟ್ಟು, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದ ಹರಿವಿಗೆ ಅಡಚಣೆಯಾಗಿ, ಅನೇಕ ನಾಯಿಗಳ ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳು ಉಂಟಾಗುತ್ತವೆ. ಎತ್ತಿಕೊಂಡಾಗ ಚೀರುವುದು, ನಡೆಯುತ್ತಲೇ ಕಾಲು ಚರ್ಮಕ್ಕೆ ತಾಗದಂತೆ ಕುತ್ತಿಗೆಯತ್ತ ಕೆರೆಯುವುದು ಇದರ ಲಕ್ಷಣಗಳು. ಉಣ್ಣೆ, ಚಿಗಟಗಳ ಔಷಧಿಯಿಂದ ಇದು ಶಮನವಾಗದು, ಎಂ.ಆರ್.ಐ. ಪರೀಕ್ಷೆಯಿಂದಲೇ ಖಚಿತಪಡಬೇಕು. ಲಕ್ಷಣ ಕಾಣುವ ಮೊದಲೇ ನಾಯಿ ಮರಿ ಹಾಕಿರಬಹುದಾದ್ದರಿಂದ ದೋಷವು ಮುಂದಿನ ಪೀಳಿಗೆಗೆ ಸಾಗುತ್ತದೆ; ಮುಖ್ಯ ತೊಡಕು ಇದೇ. ನಾರ್ವೆಯ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಈ ತಳಿಯ ಸಂವರ್ಧನೆಯು ಆ ದೇಶದ ಪ್ರಾಣಿಕಲ್ಯಾಣ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿದೆ. ನಮ್ಮಲ್ಲಿ 2017ರ ಕೇಂದ್ರ ನಿಯಮಗಳಂತೆ ನಾಯಿ ತಳಿ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ತಮ್ಮ ವ್ಯಾಪ್ತಿಯಲ್ಲಿ ನೋಂದಣಿಯಿಲ್ಲದ ಸಂವರ್ಧನೆ ಕಂಡುಬಂದಲ್ಲಿ ಪಶುವೈದ್ಯಾಧಿಕಾರಿಗಳ ಗಮನಕ್ಕೆ ತರತಕ್ಕದ್ದು.