ಏರ್ ಬ್ರೇಕಿನ ಗಾಳಿಯೂ ಅದರೊಳಗಣ ನೀರೂ

ಜಾರ್ಜ್ ವೆಸ್ಟಿಂಗ್‌ಹೌಸನು ೧೮೬೯ರಲ್ಲಿ ರೈಲುಬಂಡಿಗಳಿಗಾಗಿ ಏರ್ ಬ್ರೇಕಿನ ಹಕ್ಕುಪತ್ರವನ್ನು ಪಡೆದನು. ಅದೇ ತತ್ತ್ವವು ಇಂದು ಬಸ್ಸು ಲಾರಿಗಳಲ್ಲಿಯೂ ದುಡಿಯುತ್ತಿರುವುದು. ಮಂಗಳೂರಿನಿಂದ ಹೊರಟು ಶಿರಾಡಿ ಘಟ್ಟವನ್ನೇರುವ ಲಾರಿಯು ತನ್ನ ಬ್ರೇಕಿಗೆ ಬೇಕಾದ ಗಾಳಿಯನ್ನು ದಾರಿಯುದ್ದಕ್ಕೂ ಸೆಳೆದುಕೊಳ್ಳುತ್ತದೆ. ಆ ಗಾಳಿಯೊಡನೆ ನೀರೂ ಒಳಹೊಗುತ್ತದೆ. ಈ ನೀರನ್ನು ತಡೆಯುವ ಏರ್ ಡ್ರೈಯರನ್ನು ಪರೀಕ್ಷಿಸುವ ಮತ್ತು ಕಾಪಾಡುವ ಕ್ರಮವನ್ನು ಇಲ್ಲಿ ವಿವರಿಸುವೆವು.

ಮೊದಲು ನೀರಿನ ಪ್ರಮಾಣವನ್ನು ನೋಡೋಣ. ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನಮೀಟರು ಜಾಗವು ಹೆಚ್ಚೆಂದರೆ ಸುಮಾರು ೩೦ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ಕರಾವಳಿಯ ಹಸಿಗಾಳಿಯಲ್ಲಿ ಅದು ೨೪ ಗ್ರಾಂ ಇದೆಯೆಂದು ಎಣಿಸಿರಿ. ಗೇಜು ೮ ಬಾರ್ ತೋರಿಸಬೇಕಾದರೆ ಒಂಬತ್ತು ಘನಮೀಟರು ಗಾಳಿಯನ್ನು ಒಂದು ಘನಮೀಟರಿನೊಳಗೆ ಅಡಕಬೇಕು. ಅಂದರೆ ೨೧೬ ಗ್ರಾಂ ನೀರು ಒಂದೆಡೆ ಸೇರಿತು. ಒತ್ತಡವು ಹೆಚ್ಚಿದ ಮಾತ್ರಕ್ಕೆ ಆ ಜಾಗವು ಹಿಡಿಯುವ ಆವಿಯ ಪ್ರಮಾಣ ಹೆಚ್ಚುವುದಿಲ್ಲ. ಕಂಪ್ರೆಸರಿನಿಂದ ಬಿಸಿಯಾಗಿ ಹೊರಟ ಗಾಳಿಯು ಟ್ಯಾಂಕಿನಲ್ಲಿ ಮತ್ತೆ ೩೦ ಡಿಗ್ರಿಗೆ ತಣಿದಾಗ ೩೦ ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ ೧೮೬ ಗ್ರಾಂ ನೀರಾಗಿ ಇಳಿಯುತ್ತದೆ.

ಈ ನೀರು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ವಾಲ್ವುಗಳ ಗ್ರೀಸನ್ನು ತೊಳೆದುಬಿಡುತ್ತದೆ. ಕಂಪ್ರೆಸರಿನ ಎಣ್ಣೆಯೊಡನೆ ಬೆರೆತು ರಾಡಿಯಾಗುತ್ತದೆ. ಲಡಾಖಿನಂತಹ ಶೀತಪ್ರದೇಶದಲ್ಲಿ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಘಟ್ಟವನ್ನಿಳಿಯುವಾಗ ವಾಲ್ವೊಂದು ಸಿಕ್ಕಿಕೊಂಡರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ.

ಏರ್ ಡ್ರೈಯರನ್ನು ಕಂಪ್ರೆಸರಿಗೂ ಟ್ಯಾಂಕಿಗೂ ನಡುವೆ ಕೂಡಿಸಿರುತ್ತಾರೆ. ಅದರ ಕಾರ್ಟ್ರಿಜಿನಲ್ಲಿ ತೇವವನ್ನು ಹಿಡಿದಿಡುವ ಸಣ್ಣ ಕಾಳುಗಳು ತುಂಬಿರುತ್ತವೆ. ಇವು ಬಹುಮಟ್ಟಿಗೆ ಜಿಯೋಲೈಟ್ ಜಾತಿಯವು. ಒತ್ತಡವು ನಿಯತ ಮಟ್ಟವನ್ನು ಮುಟ್ಟಿದಾಗ ಗವರ್ನರು ಕಂಪ್ರೆಸರಿಗೆ ಬಿಡುವು ಕೊಡುತ್ತದೆ. ಒಡನೆಯೇ ಡ್ರೈಯರಿನ ತಳದಲ್ಲಿರುವ ಪರ್ಜ್ ವಾಲ್ವು ತೆರೆದು, ಕೂಡಿದ್ದ ನೀರು ಹೊರಕ್ಕೆ ಚಿಮ್ಮುತ್ತದೆ. ಆ ಬಳಿಕ ಸ್ವಲ್ಪ ಒಣಗಾಳಿಯು ಹಿಮ್ಮುಖವಾಗಿ ಕಾಳುಗಳ ನಡುವೆ ಹರಿದು ಅವುಗಳ ತೇವವನ್ನು ಕೊಂಡೊಯ್ಯುತ್ತದೆ. ಇದು ಪ್ರಾಣಿಯ ಉಸಿರಾಟದಂತೆಯೇ ಸರಿ: ಒಳಕ್ಕೆಳೆದುಕೊಂಡುದನ್ನು ಹೊರಬಿಟ್ಟಲ್ಲದೆ ಮತ್ತೊಮ್ಮೆ ಎಳೆದುಕೊಳ್ಳಲಾಗದು. ಕಂಪ್ರೆಸರಿಗೆ ಬಿಡುವಿಲ್ಲದಿದ್ದರೆ ಡ್ರೈಯರಿಗೆ ನಿಶ್ವಾಸವಿಲ್ಲ.

ಪರೀಕ್ಷೆಗೆ ಮುನ್ನ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡೆ ಕೊಡಬೇಕು. ಮೊದಲನೆಯದಾಗಿ, ಟ್ಯಾಂಕುಗಳ ಡ್ರೈನ್ ವಾಲ್ವುಗಳನ್ನು ತೆರೆದು ನೋಡಬೇಕು. ಹಗಲಿರುಳಿನ ಉಷ್ಣತೆಯ ಅಂತರ ಹೆಚ್ಚಾದಾಗ ಕೆಲವು ಹನಿ ಬರುವುದುಂಟು. ದೊಡ್ಡ ಚಮಚದಷ್ಟು ನೀರು ಬಂದರೆ ದೋಷವಿದೆಯೆಂದು ತಿಳಿಯಬೇಕು. ಎರಡನೆಯದಾಗಿ, ಇಂಜಿನನ್ನು ನಡೆಸಿ ಒತ್ತಡವನ್ನು ಏರಿಸಬೇಕು. ಏರುತ್ತಿರುವಾಗ ಪರ್ಜ್ ವಾಲ್ವಿನಿಂದ ಗಾಳಿ ಸೋರಕೂಡದು. ಗವರ್ನರು ಬಿಡುವು ಕೊಟ್ಟೊಡನೆ ಒಮ್ಮೆ ಜೋರಾದ ಸದ್ದು, ಆಮೇಲೆ ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ನಿಲ್ಲುವ ಮೆಲುವಾದ ಸುಯ್ಲು ಕೇಳಿಸಬೇಕು. ಸದ್ದೇ ಇಲ್ಲದಿದ್ದರೆ ಪರ್ಜ್ ವಾಲ್ವನ್ನೂ ಅದಕ್ಕೆ ಬರುವ ಗವರ್ನರಿನ ಕೊಳವೆಯನ್ನೂ, ಸುಯ್ಲು ನಿಲ್ಲದಿದ್ದರೆ ಟ್ಯಾಂಕಿನ ಗಾಳಿಯನ್ನು ಹಿಂದಕ್ಕೆ ಬಿಡದಿರುವ ಚೆಕ್ ವಾಲ್ವನ್ನೂ ಪರೀಕ್ಷಿಸಬೇಕು. ಮೂರನೆಯದಾಗಿ, ಇಂಜಿನನ್ನು ನಿಲ್ಲಿಸಿ ಕೀಲುಕೀಲಿಗೂ ಸಾಬೂನಿನ ನೊರೆ ಹಚ್ಚಿದರೆ ಸೋರುವ ಎಡೆಗಳು ಗುಳ್ಳೆಗಳಿಂದ ಗೊತ್ತಾಗುವುವು. ಶೀತಪ್ರದೇಶದ ವಾಹನಗಳಲ್ಲಿ ಡ್ರೈಯರಿನ ಹೀಟರು ಬಿಸಿಯಾಗುವುದೋ ಎಂಬುದನ್ನೂ ನೋಡಬೇಕು.

ಟ್ಯಾಂಕಿನಲ್ಲಿ ನೀರು ಕಂಡೊಡನೆ ಕಾರ್ಟ್ರಿಜನ್ನು ಬದಲಾಯಿಸಿ ಸುಮ್ಮನಾಗುವುದು ರೂಢಿ. ಇದು ಅರ್ಧ ಚಿಕಿತ್ಸೆ. ಎಲ್ಲಿಯೋ ಒಂದು ಕೊಳವೆ ಸೋರುತ್ತಿದ್ದರೆ ಕಂಪ್ರೆಸರು ಆ ನಷ್ಟವನ್ನು ತುಂಬಲು ಸದಾ ದುಡಿಯುತ್ತದೆ. ಡ್ರೈಯರು ನಿಶ್ವಾಸವಿಲ್ಲದೆ ನೆನೆಯುತ್ತದೆ. ಹೊಸ ಕಾರ್ಟ್ರಿಜೂ ಬೇಗನೆ ಹಳೆಯದರ ಗತಿಯನ್ನೇ ಹೊಂದುತ್ತದೆ. ನೀರಿನೊಡನೆ ಎಣ್ಣೆಯೂ ಧಾರಾಳವಾಗಿ ಬಂದರೆ ದೋಷವನ್ನು ಕಂಪ್ರೆಸರಿನಲ್ಲಿ ಹುಡುಕಬೇಕು. ಎಣ್ಣೆ ಮೆತ್ತಿದ ಕಾಳುಗಳು ತೇವವನ್ನು ಹೀರಲಾರವು. ಆದುದರಿಂದ ಮೊದಲು ಸೋರಿಕೆ, ಬಳಿಕ ಕಂಪ್ರೆಸರು, ಕೊನೆಗೆ ಕಾರ್ಟ್ರಿಜು ಎಂಬ ಕ್ರಮವೇ ಯುಕ್ತ. ಕಾರ್ಟ್ರಿಜಿನ ಅವಧಿಗೆ ತಯಾರಕರ ಸೂಚನೆಯೇ ಪ್ರಮಾಣ. ಅದನ್ನು ಬಿಚ್ಚುವ ಮುನ್ನ ಒತ್ತಡವನ್ನೆಲ್ಲ ಇಳಿಸಿರಬೇಕು. ಈ ಎಚ್ಚರಿಕೆಯನ್ನು ಮರೆತವನಿಗೆ ಪ್ರಾಣಾಪಾಯವಿದೆ.

ಡ್ರೈಯರಿದೆಯೆಂಬ ನಂಬಿಕೆಯಿಂದ ಟ್ಯಾಂಕನ್ನು ತೆರೆದು ನೋಡುವ ಅಭ್ಯಾಸವನ್ನು ಬಿಡಬಾರದು. ಡ್ರೈಯರಿನ ಆರೋಗ್ಯಕ್ಕೆ ಸಾಕ್ಷಿ ಅದರ ಹೊರಮೈಯಲ್ಲಿಲ್ಲ, ಟ್ಯಾಂಕಿನ ತಳದಲ್ಲಿದೆ.