ಮನೆಯಿಲ್ಲದವರ ಮನೆಗೆ ನಕ್ಷೆ ಬರೆಯುವುದು



ಗಂಗಾವತಿಯಿಂದ ಹನುಮನಹಳ್ಳಿಯ ಕಡೆಗೆ ನೀವು ಹೋಗಿದ್ದರೆ ತುಂಗಭದ್ರೆಯ ಆಸುಪಾಸಿನಲ್ಲಿ ಹಳೆಯ ಕಲ್ಲುಮಂಟಪಗಳನ್ನು ನೋಡಿರುತ್ತೀರಿ. ಅಂಜನಾದ್ರಿಗೆ ಬಂದ ಯಾತ್ರಿಕ ಇಂಥ ಮಂಟಪದಲ್ಲೋ ಗುಡಿಯ ಕಟ್ಟೆಯ ಮೇಲೋ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಊರಿಗೆ ಹೋಗುತ್ತಾನೆ. ಅವನಿಗೆ ಮೇಲೊಂದು ಸೂರು, ಕೆಳಗೊಂದು ಹಾಸುಗಲ್ಲು ಸಾಕು. ಆದರೆ ಎದ್ದು ಹೋಗಲು ಮನೆಯೇ ಇಲ್ಲದವರಿಗೆ ಎಂಥ ಕಟ್ಟಡ ಬೇಕು?

ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿಯ ಮುಂದೆ ಈ ಪ್ರಶ್ನೆ 1945ರಲ್ಲಿ ಬಂತು. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಇವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಭಾರತಕ್ಕೆ ಬಂದದ್ದು 'ಮಿಷನ್ ಟು ಲೆಪರ್ಸ್' ಎಂಬ ಸಂಸ್ಥೆಯ ಕೆಲಸಕ್ಕೆ. 1874ರಲ್ಲಿ ಆರಂಭವಾದ ಆ ಸಂಸ್ಥೆಯ ಕುಷ್ಠಾಶ್ರಮಗಳು ಊರಿನಿಂದ ದೂರವಿರುತ್ತಿದ್ದವು. ರೋಗಕ್ಕೆ ಮದ್ದಿಲ್ಲದ ಕಾಲ ಅದು. ಮನೆಯವರೇ ಹೊರಗೆ ಹಾಕಿದವರು ಅಲ್ಲಿ ಸಾಯುವ ತನಕ ಇರುತ್ತಿದ್ದರು. 1940ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದವು, ರೋಗ ವಾಸಿಯಾಗತೊಡಗಿತು. ಕೂಡಿಹಾಕುವ ಕಟ್ಟಡವನ್ನು ಗುಣಪಡಿಸುವ ಕಟ್ಟಡವಾಗಿ ಬದಲಿಸಬೇಕಾಯಿತು. ಬೇಕರ್ ಅವರ ಓದು ಉಪಯೋಗಕ್ಕೆ ಬಂದದ್ದು ಇಲ್ಲಿ.

ಉಪಯೋಗಕ್ಕೆ ಬಂದಿತೆ? ಪೂರ್ತಿಯಾಗಿ ಇಲ್ಲ. ಇಂಗ್ಲೆಂಡಿನ ಪಾಠಪುಸ್ತಕದಲ್ಲಿ ಕೆಸರುಮಣ್ಣು, ಸೆಗಣಿ, ಬಿದಿರು ಯಾವುದೂ ಇರಲಿಲ್ಲ. ನಮ್ಮ ಹಳ್ಳಿಯ ಗಾರೆಯವರಿಗೆ ಅವು ಚೆನ್ನಾಗಿ ಗೊತ್ತಿದ್ದವು. ಬೇಕರ್ ಅವರಿಂದ ಕಲಿತರು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯ ಒಳಗೇ ಸಿಗುವಂಥದಾಗಿರಬೇಕು ಎಂದು ಗಾಂಧೀಜಿ ತಮಗೆ ಹೇಳಿದ್ದನ್ನು ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಹನುಮನಹಳ್ಳಿಯವರಿಗೆ ಐದು ಮೈಲಿಯೂ ಬೇಡ, ಹಿತ್ತಿಲಾಚೆಯೇ ಕಲ್ಲುಗುಡ್ಡ!

ಅವರು ಬಳಕೆಗೆ ತಂದ ಒಂದು ವಿಧಾನವನ್ನು ನೋಡಿ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಗೋಡೆ ಕಟ್ಟಿದರೆ ನಡುವೆ ಪೊಳ್ಳು ಉಳಿಯುತ್ತದೆ. ಇದಕ್ಕೆ 'ರ‍್ಯಾಟ್ ಟ್ರ್ಯಾಪ್ ಬಾಂಡ್' ಎಂದು ಹೆಸರು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಝಳವನ್ನು ತಡೆಯುತ್ತದೆ. ತಾರಸಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಅವರು ಮಂಗಳೂರು ಹೆಂಚನ್ನು ತುಂಬಿಸುತ್ತಿದ್ದರು. ಈ ಹೆಂಚಿನ ಕಥೆಯೂ ಇಲ್ಲಿಗೆ ಸೇರಿದ್ದೇ. ಮತಾಂತರದಿಂದ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಲೆಂದು ಬಾಸೆಲ್ ಮಿಷನ್ ಕೈಗಾರಿಕೆಗಳನ್ನು ತೆರೆಯಿತು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಅವುಗಳಲ್ಲಿ ಒಂದು.

ಹಣ ಉಳಿಸುವುದು ಸುಲಭದ ಪಾಠ. ಕಷ್ಟದ್ದು ಇನ್ನೊಂದಿದೆ. ಕುಷ್ಠರೋಗ ನರಗಳಿಗೆ ತಾಗಿದಾಗ ಕೈಕಾಲಿನ ಸ್ಪರ್ಶಜ್ಞಾನ ಹೋಗುತ್ತದೆ. ಬಿಸಿ ಲೋಟ ಸುಟ್ಟರೂ, ಅಂಗಾಲಿಗೆ ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ಮದ್ದಿನಿಂದ ರೋಗ ಹೋದರೂ ಹೋದ ಸ್ಪರ್ಶ ಅನೇಕರಿಗೆ ಮರಳುವುದಿಲ್ಲ. ಅಂಥವರ ಚಪ್ಪಲಿಗೆ ಮೊಳೆ ಹೊಡೆಯಬಾರದು, ಒಳಗೆ ಮೆತ್ತನೆಯ ರಬ್ಬರ್ ಇರಬೇಕು. ನಲ್ಲಿ ಬೆರಳಿಲ್ಲದ ಅಂಗೈಗೂ ತಿರುಗಬೇಕು. ಚಿಲಕ ಮುಷ್ಟಿಯಿಂದ ತಳ್ಳಿದರೆ ಸರಿಯಬೇಕು. ಸೌದೆ ಒಲೆಯ ಪಾತ್ರೆಗೆ ಉದ್ದನೆಯ ಮರದ ಹಿಡಿ ಬೇಕು. ಇವೆಲ್ಲ ವಿನ್ಯಾಸದ ಕೆಲಸವೇ. ದೊಡ್ಡ ಕಟ್ಟಡದ ಚಿತ್ರ ಬರೆಯುವುದಕ್ಕಿಂತ ಇದು ಹೆಚ್ಚಿನ ವಿದ್ಯೆ ಎಂದೇ ನನ್ನ ಅಭಿಪ್ರಾಯ.

ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಮಾಗಡಿ ರಸ್ತೆಯ ಬಳಿ ಸುಮನಹಳ್ಳಿ ಇದೆ. ಕುಷ್ಠರೋಗಿಗಳ ಪುನರ್ವಸತಿಗೆಂದು 1970ರ ದಶಕದ ಕೊನೆಯಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯದವರು ಸರ್ಕಾರದ ಸಹಕಾರದಿಂದ ಕಟ್ಟಿದ ಕೇಂದ್ರ ಅದು. ಚಿಕಿತ್ಸೆಯ ಜೊತೆಗೆ ಅಲ್ಲಿ ಕಸುಬು ಕಲಿಸುವ ವ್ಯವಸ್ಥೆಯನ್ನೂ ಮಾಡಿದರು. ಏಕೆಂದರೆ ವಾಸಿಯಾದ ಮೇಲೂ ಎಷ್ಟೋ ಜನರಿಗೆ ಮನೆಯ ಬಾಗಿಲು ತೆರೆಯುವುದಿಲ್ಲ.

ನಿಮ್ಮಲ್ಲಿ ಕೆಲವರು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವಿರಿ. ಮುಂದೆ ಯಾವುದಾದರೂ ನಿರಾಶ್ರಿತರ ಮನೆಯವರು "ಒಂದು ನಕ್ಷೆ ಬರೆದುಕೊಡಿ" ಎಂದು ಕೇಳಿದರೆ, ಕೂಡಲೇ ಅಳತೆ ಟೇಪು ಹೊರಗೆ ತೆಗೆಯಬೇಡಿ. ಅಲ್ಲಿಯವರ ಒಪ್ಪಿಗೆ ಪಡೆದು ಒಂದು ಸಂಜೆಯಿಂದ ಬೆಳಗಿನವರೆಗೆ ಅಲ್ಲೇ ಇರಿ. ಮುದುಕರು ರಾತ್ರಿ ಎಷ್ಟು ಸಲ ಶೌಚಕ್ಕೆ ಏಳುತ್ತಾರೆ, ಎಷ್ಟು ಮೆಟ್ಟಿಲು ಇಳಿಯಬೇಕು, ದೀಪದ ಸ್ವಿಚ್ಚು ಕೈಗೆ ಎಟಕುತ್ತದೆಯೇ, ತನ್ನ ಚೀಲವನ್ನು ಬೀಗ ಹಾಕಿಡಲು ಒಬ್ಬೊಬ್ಬರಿಗೂ ಒಂದು ಗೂಡು ಇದೆಯೇ ಎಂದು ನೋಡಿ ಬರೆದುಕೊಳ್ಳಿ. ನಕ್ಷೆಯ ಹಾಳೆಯನ್ನು ಮರುದಿನ ಬಿಚ್ಚಿದರಾಯಿತು.